ಗನ್‌ಸ್ಮೋಕ್ ಮೊದಲ ಕಂತು: ಮಾರ್ಷಲ್ ಮೊದಲು ಸೋಲುತ್ತಾನೆ

ಹಳೆ ಕೌಬಾಯ್ ಧಾರಾವಾಹಿ ಒಂದನ್ನು ನೋಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಯೋಚನೆ ಮಾಡದೆ ಹೇಳುವುದು ಗನ್‌ಸ್ಮೋಕ್‌ನ ಮೊಟ್ಟಮೊದಲ ಕಂತು. ಹೆಸರು 'ಮ್ಯಾಟ್ ಗೆಟ್ಸ್ ಇಟ್'. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮ್ಯಾಟ್‌ಗೆ ಏಟು ಬೀಳುತ್ತದೆ. ಹೆಸರಿನಲ್ಲೇ ಕಥೆ ಬಿಟ್ಟುಕೊಟ್ಟಿದ್ದಾರೆ. ನಾಯಕ ಮ್ಯಾಟ್‌ನನ್ನು ಪರಿಚಯ ಮಾಡಿಸುವ ದಿನವೇ ಅವನು ಎಲ್ಲರೆದುರು ಸೋತು ನೆಲಕ್ಕೆ ಬೀಳುತ್ತಾನೆ. 1955ರ ಸೆಪ್ಟೆಂಬರ್ 10, ಶನಿವಾರ ರಾತ್ರಿ ಅಮೆರಿಕದಲ್ಲಿ ಇದು ಮೊದಲು ಪ್ರಸಾರವಾಯಿತು. ಆಮೇಲೆ ಈ ಧಾರಾವಾಹಿ 20 ಸೀಸನ್, 635 ಕಂತು ಓಡಿ 1975ರಲ್ಲಿ ನಿಂತಿತು. ಅಷ್ಟು ದೊಡ್ಡ ಓಟ ಶುರುವಾಗಿದ್ದು ಒಂದು ಸೋಲಿನಿಂದ ಅನ್ನುವುದು ನನಗೆ ಇವತ್ತಿಗೂ ತುಂಬಾ ಇಷ್ಟವಾದ ವಿಷಯ.

ಇಲ್ಲಿಂದ ಮುಂದೆ ಕಥೆ ಪೂರ್ತಿ ಹೇಳಿಬಿಡುತ್ತೇನೆ. ನೋಡಿಯೇ ತಿಳಿಯಬೇಕು ಅನ್ನುವವರು ಇಲ್ಲೇ ನಿಲ್ಲಿಸಿ, ನೋಡಿ ಬನ್ನಿ. ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಮೊದಲು ತೆರೆ ಮೇಲೆ ಬರುವುದು ಜಾನ್ ವೇಯ್ನ್. ಹೌದು, ಆ ಕಾಲದ ಅತಿ ದೊಡ್ಡ ಕೌಬಾಯ್ ನಟ, ಸ್ವತಃ ಬಂದು ನಿಂತು ಇದೊಂದು ಹೊಸ ಕಾರ್ಯಕ್ರಮ, ಪ್ರಾಮಾಣಿಕವಾಗಿದೆ, ದೊಡ್ಡವರು ನೋಡುವಂಥದ್ದು, ನಿಜಕ್ಕೆ ಹತ್ತಿರ ಇದೆ ಅಂತ ಹೇಳಿ, ಜೇಮ್ಸ್ ಆರ್ನೆಸ್ ಅನ್ನುವ ಹುಡುಗನ ಬಗ್ಗೆ ನಾಲ್ಕು ಒಳ್ಳೆ ಮಾತಾಡಿ ಹೋಗುತ್ತಾನೆ. ನನ್ನನ್ನು ಹೇಗೆ ಒಗ್ಗಿಸಿಕೊಂಡಿರೋ ಇವನನ್ನೂ ಹಾಗೇ ಒಗ್ಗಿಸಿಕೊಳ್ಳಿ ಅನ್ನುವ ಧಾಟಿಯ ಮಾತು. ಸುಮ್ನೆ ಜಾಹೀರಾತಿಗಾಗಿ ಹೇಳಿದ್ದು ಅಂತ ಅನ್ನಿಸುವುದಿಲ್ಲ. ಆರ್ನೆಸ್ ಅವನ ಜೊತೆ ಕೆಲಸ ಮಾಡಿದ್ದವನು, ಈ ಪಾತ್ರಕ್ಕೆ ಅವನನ್ನೇ ತೆಗೆದುಕೊಳ್ಳಿ ಅಂತ ಶಿಫಾರಸು ಮಾಡಿದವನೂ ವೇಯ್ನೇ.

ಆಮೇಲೆ ಒಂದು ಸ್ಮಶಾನ. ಡಾಡ್ಜ್ ಸಿಟಿಯ ಬೂಟ್ ಹಿಲ್. ಕಾಲಲ್ಲಿ ಬೂಟು ಇದ್ದಹಾಗೇ ಸತ್ತವರು, ಅಂದರೆ ಹಾಸಿಗೆ ಮೇಲೆ ಸಾಯದೆ ಜಗಳದಲ್ಲಿ ಸತ್ತವರು, ಮಲಗಿರುವ ಗುಡ್ಡ. ಮಾರ್ಷಲ್, ಅಂದರೆ ಊರಿನ ಕಾನೂನು ಕಾಯುವ ಅಧಿಕಾರಿ, ಮ್ಯಾಟ್ ಡಿಲನ್ ಗೋರಿಗಳ ನಡುವೆ ಒಬ್ಬನೇ ಓಡಾಡುತ್ತಾ ನಮ್ಮ ಜೊತೆ ಮಾತಾಡುತ್ತಾನೆ. ಕುದುರೆ ಓಟ ಇಲ್ಲ, ಹೊಡೆದಾಟ ಇಲ್ಲ. ಈ ಊರಲ್ಲಿ ಪಿಸ್ತೂಲು ಎತ್ತಿದವರ ಕಥೆ ಎಲ್ಲಿ ಮುಗಿಯುತ್ತದೆ ಅಂತ ಮೊದಲೇ ತೋರಿಸಿಬಿಡುತ್ತಾರೆ.

ಕಥೆ ಚಿಕ್ಕದು. ಡ್ಯಾನ್ ಗ್ರಾಟ್ ಅನ್ನುವವನು ಡಾಡ್ಜ್‌ಗೆ ಬಂದು ಸೇರಿದ್ದಾನೆ. ಟೆಕ್ಸಾಸ್‌ನ ಅಮರಿಲ್ಲೊ ಕಡೆ ಕೈಯಲ್ಲಿ ಆಯುಧವೇ ಇಲ್ಲದ ಮನುಷ್ಯನನ್ನು ಕೊಂದು ಬಂದವನು. ಅವನನ್ನು ಹಿಡಿಯಲು ಅಲ್ಲಿಂದ ಜಿಮ್ ಹಿಲ್ ಅನ್ನುವ ಷೆರಿಫ್ ಬರುತ್ತಾನೆ. ಗ್ರಾಟ್ ಕೈಯಲ್ಲಿ ಹಿಲ್ ಸಾಯುತ್ತಾನೆ. ಈಗ ಮ್ಯಾಟ್ ಹೋಗಲೇಬೇಕು, ಅದು ಅವನ ಕೆಲಸ. ಹೋಗುತ್ತಾನೆ. ಗ್ರಾಟ್ ನಡೆದು ನಡೆದು ಹತ್ತಿರ ಬರುತ್ತಾನೆ. ಮ್ಯಾಟ್‌ಗಿಂತ ಮೊದಲು ಪಿಸ್ತೂಲು ಅವನ ಕೈಯಲ್ಲಿರುತ್ತದೆ. ಆರು ಅಡಿ ಏಳು ಅಂಗುಲದ ಆಳು ಮರ ಬಿದ್ದಹಾಗೆ ಬೀಳುತ್ತಾನೆ.

ನಾನು ಇದನ್ನು ಎರಡನೇ ಸಲ ನೋಡಿದ್ದು ಅಮ್ಮನ ಜೊತೆ. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನನಗೆ ಸಿಕ್ಕ ಪ್ರತಿಯಲ್ಲಿ ಸಬ್‌ಟೈಟಲ್ ಕೂಡ ಇರಲಿಲ್ಲ, ನಡುನಡುವೆ ನಾನೇ ಹೇಳುತ್ತಿದ್ದೆ. ಮ್ಯಾಟ್ ಬಿದ್ದ ಕೂಡಲೇ ಅವಳು ಕೇಳಿದ್ದು ಒಂದೇ ಮಾತು: "ಅಷ್ಟು ಹತ್ತಿರ ಯಾಕೆ ಬಿಟ್ಕೊಂಡ ಅವನನ್ನ? ದೂರದಲ್ಲೇ ನಿಲ್ಸಿ ಮಾತಾಡ್ಬೋದಿತ್ತಲ್ವಾ?"

ನಾನು ಬೆಚ್ಚಿಬಿದ್ದೆ. ಇಡೀ ಕಂತು ನಿಂತಿರುವುದು ಆ ಪ್ರಶ್ನೆಯ ಮೇಲೆ. ಮ್ಯಾಟ್‌ಗೆ ಉತ್ತರ ಹೊಳೆಯುವುದು ಡಾಕ್ಟರ ಹತ್ತಿರ ಸಾವು ಬದುಕಿನ ನಡುವೆ ಮಲಗಿ ಎದ್ದ ಮೇಲೆ. ಅಮ್ಮನಿಗೆ ಚಿತ್ರ ನೋಡಿಯೇ ಹೊಳೆಯಿತು. ನಿರ್ದೇಶಕ ಚಾರ್ಲ್ಸ್ ಮಾರ್ಕ್ವಿಸ್ ವಾರನ್ ಕಥೆಯ ಗುಟ್ಟನ್ನು ನಮ್ಮ ಕಣ್ಣ ಮುಂದೆಯೇ ಇಟ್ಟಿದ್ದಾನೆ, ಯಾರೂ ಬಾಯಿ ಬಿಟ್ಟು ಹೇಳುವ ಮೊದಲೇ. ಇಬ್ಬರ ನಡುವಿನ ನೆಲ ಎಷ್ಟಿದೆ ಅನ್ನುವುದನ್ನು ನೋಡುತ್ತಾ ಇದ್ದರೆ ಸಾಕು.

ಗ್ರಾಟ್ ಕೈ ಚುರುಕು, ಆದರೆ ಗುರಿ ಇಲ್ಲ. ಅಷ್ಟೇ ವಿಷಯ. ಸೊಂಟದಿಂದ ಎಳೆದು ಹಾಗೇ ಹಾರಿಸುವವನ ಪಿಸ್ತೂಲು ಸ್ವಲ್ಪ ಆಚೆ ಈಚೆ ವಾಲುವುದು ಸಹಜ. ಲೆಕ್ಕ ಹಾಕಿ ನೋಡಿದೆ. ಬರೀ ಎರಡು ಡಿಗ್ರಿ ತಪ್ಪಿದರೂ 6 ಅಡಿ ದೂರದಲ್ಲಿ ಗುಂಡು ಎರಡೂವರೆ ಅಂಗುಲ ಮಾತ್ರ ಪಕ್ಕಕ್ಕೆ ಹೋಗುತ್ತದೆ, ಅಂದರೆ ಎದೆಗೇ ಬೀಳುತ್ತದೆ. ಅದೇ ತಪ್ಪು 40 ಅಡಿಯಲ್ಲಿ ಸುಮಾರು 17 ಅಂಗುಲ ಆಗುತ್ತದೆ. ಆಗ ಗುಂಡು ಭುಜದ ಪಕ್ಕ ಹಾದು ಹೋಗುತ್ತದೆ. ಹಾಗಾಗಿ ಗ್ರಾಟ್‌ಗೆ ಹತ್ತಿರ ಬರಲೇಬೇಕು. ಮಾತಾಡುತ್ತಾ ಒಂದೊಂದೇ ಹೆಜ್ಜೆ ಮುಂದೆ ಇಡುವುದು ಧೈರ್ಯ ಅಂತ ಎಲ್ಲರಿಗೂ ಕಾಣುತ್ತದೆ. ಅದು ಅವನ ದೌರ್ಬಲ್ಯ.

ಎರಡನೇ ಸಲ ಮ್ಯಾಟ್ ಎದುರು ನಿಂತಾಗ ಗಾಯ ಪೂರ್ತಿ ವಾಸಿಯಾಗಿಲ್ಲ. ಕೈ ಮೊದಲಿಗಿಂತ ಚುರುಕಾಗಿಲ್ಲ, ಇನ್ನೂ ನಿಧಾನವೇ ಆಗಿರಬೇಕು. ಆದರೆ ಈ ಸಲ ಅವನು ದೂರವನ್ನು ಬಿಟ್ಟುಕೊಡುವುದಿಲ್ಲ. ಗ್ರಾಟ್ ಮೊದಲು ಹಾರಿಸುತ್ತಾನೆ, ಗುರಿ ತಪ್ಪುತ್ತದೆ. ಮ್ಯಾಟ್ ಅವಸರ ಮಾಡದೆ ಹಾರಿಸುತ್ತಾನೆ. ಮುಗಿಯಿತು. ಬಿದ್ದವನು ಎದ್ದು ಬಂದು, ರಾತ್ರಿಯೆಲ್ಲಾ ಅಭ್ಯಾಸ ಮಾಡಿ, ಎದುರಾಳಿಗಿಂತ ಚುರುಕಾಗಿ ಸೇಡು ತೀರಿಸಿಕೊಳ್ಳುವ ಕಥೆ ನಾವೆಲ್ಲಾ ಬೇಕಾದಷ್ಟು ನೋಡಿದ್ದೇವೆ. ಇಲ್ಲಿ ಅದು ಯಾವುದೂ ಇಲ್ಲ. ತಾನು ಹೇಗೆ ಸೋತೆ ಅಂತ ಕೂತು ಯೋಚಿಸಿದ, ಅಷ್ಟೇ. ಒಬ್ಬ ಪೊಲೀಸ್ ಅಧಿಕಾರಿ ತನ್ನ ಕೆಲಸದ ಬಗ್ಗೆ ಯೋಚಿಸುವ ಹಾಗೆ.

ಇದು ಬರೀ ಬರಹಗಾರರ ಕಲ್ಪನೆ ಅಂದುಕೊಳ್ಳಬೇಡಿ. ಕಾನ್ಸಾಸ್ ರಾಜ್ಯದ ಡಾಡ್ಜ್ ಸಿಟಿ ನಿಜವಾದ ಊರು. 1872ರಲ್ಲಿ ರೈಲು ಬಂತು, ಆಮೇಲೆ ಟೆಕ್ಸಾಸ್‌ನಿಂದ ಲಕ್ಷಗಟ್ಟಲೆ ದನಗಳನ್ನು ಅಲ್ಲಿಗೆ ಹೊಡೆದುಕೊಂಡು ಬಂದು ರೈಲಿಗೆ ಹತ್ತಿಸುತ್ತಿದ್ದರು. ತಿಂಗಳುಗಟ್ಟಲೆ ದಾರಿ ಸವೆಸಿ ಬಂದ ಹುಡುಗರು, ಕೈಯಲ್ಲಿ ಕೂಲಿ ದುಡ್ಡು, ಎದುರಿಗೇ ಸಲೂನ್. ಸಲೂನ್ ಅಂದರೆ ಅಲ್ಲಿ ಹೆಂಡದಂಗಡಿ, ನಮ್ಮಲ್ಲಿಯ ಹಾಗೆ ಕ್ಷೌರದಂಗಡಿ ಅಲ್ಲ. ಧಾರಾವಾಹಿಯಲ್ಲಿ ಮ್ಯಾಟ್‌ನ ಗೆಳತಿ ಕಿಟ್ಟಿ ಇರುವ ಲಾಂಗ್ ಬ್ರಾಂಚ್ ಸಲೂನ್ ಕೂಡ ನಿಜವಾಗಿ ಇತ್ತು. 1879ರಲ್ಲಿ ಅದರೊಳಗೇ ಲೀವೈ ರಿಚರ್ಡ್‌ಸನ್ ಮತ್ತು ಫ್ರಾಂಕ್ ಲವಿಂಗ್ ಅನ್ನುವ ಇಬ್ಬರ ನಡುವೆ ಗುಂಡಿನ ಕಾಳಗ ಆಯಿತು. ಪಿಸ್ತೂಲಿಗೆ ಪಿಸ್ತೂಲು ತಾಗುವಷ್ಟು ಹತ್ತಿರ. ರಿಚರ್ಡ್‌ಸನ್ ಚುರುಕಾಗಿ ಒಂದರ ಹಿಂದೆ ಒಂದು ಹಾರಿಸಿದ, ಲವಿಂಗ್‌ನ ಕೈ ಸ್ವಲ್ಪ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಲವಿಂಗ್ ತಾಳ್ಮೆಯಿಂದ ಹೊಡೆದ, ರಿಚರ್ಡ್‌ಸನ್ ಸತ್ತ. ಅದರ ಹಿಂದಿನ ವರ್ಷ, 1878ರಲ್ಲಿ, ಊರಿನ ಮಾರ್ಷಲ್ ಎಡ್ ಮಾಸ್ಟರ್‌ಸನ್‌ನನ್ನು ಎಷ್ಟು ಹತ್ತಿರದಿಂದ ಹೊಡೆದರು ಅಂದರೆ ನಳಿಗೆಯಿಂದ ಬಂದ ಬೆಂಕಿಗೆ ಅವನ ಕೋಟು ಹೊತ್ತಿಕೊಂಡಿತು. ಗ್ರಾಟ್ ಒಂದೊಂದೇ ಹೆಜ್ಜೆ ಹತ್ತಿರ ಬರುವುದನ್ನು ನೋಡುವಾಗ ನನಗೆ ಆ ಕೋಟು ನೆನಪಾಗುತ್ತದೆ.

ಧಾರಾವಾಹಿಯ ಹೆಸರಿಗೂ ಅರ್ಥ ಇದೆ. ಗನ್‌ಸ್ಮೋಕ್ ಅಂದರೆ ಬಂದೂಕಿನ ಹೊಗೆ. ಆ ಕಾಲದ ಕರಿಮದ್ದು ದಟ್ಟ ಬಿಳಿ ಹೊಗೆ ಎಬ್ಬಿಸುತ್ತಿತ್ತು, ಎರಡು ಮೂರು ಗುಂಡು ಹಾರಿದ ಮೇಲೆ ಕೋಣೆಯೊಳಗೆ ಎದುರಿಗಿದ್ದವನೇ ಸರಿಯಾಗಿ ಕಾಣುತ್ತಿರಲಿಲ್ಲ. ಮೊದಲ ಗುಂಡು ಸರಿಯಾಗಿ ಬೀಳಬೇಕು ಅನ್ನುವುದಕ್ಕೆ ಅದೂ ಒಂದು ಕಾರಣ.

ನಟರ ಬಗ್ಗೆ. ಗ್ರಾಟ್ ಆಗಿ ಪಾಲ್ ರಿಚರ್ಡ್ಸ್ ಮಾಡಿರುವುದು ನೋಡಿ. ಕೂಗಾಡುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಮೆತ್ತಗೆ ಮಾತಾಡುತ್ತಾನೆ. ಆ ಮೆತ್ತನೆ ದನಿಗೇ ಹೆದರಿಕೆ ಆಗುತ್ತದೆ. ಆರ್ನೆಸ್ ಇಲ್ಲಿ ಇನ್ನೂ ಹೊಸಬ, ಕೆಲವು ಕಡೆ ಮಾತು ಬಿಗಿಯಾಗಿದೆ, ಆದರೆ ಗುಂಡು ಬಿದ್ದ ಮೇಲಿನ ಭಾಗದಲ್ಲಿ ಆ ಬಿಗಿತವೇ ಚೆನ್ನಾಗಿ ಒಪ್ಪುತ್ತದೆ. ಅವನು ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೊದಲ್ಲಿ ಕಾಲಿಗೆ ಗುಂಡು ಬಿದ್ದು ಬಹಳ ದಿನ ಆಸ್ಪತ್ರೆಯಲ್ಲಿ ಇದ್ದವನು. ಗಾಯಗೊಂಡು ಮಲಗುವುದು ಹೇಗಿರುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮ್ಯಾಟ್‌ನ ಸಹಾಯಕ ಚೆಸ್ಟರ್ ಆಗಿ ಡೆನಿಸ್ ವೀವರ್. ಒಂದು ಕಾಲು ಮಡಚದೆ ಎಳೆದುಕೊಂಡು ನಡೆಯುವ ಆ ನಡಿಗೆ ಅವನೇ ಕಟ್ಟಿಕೊಂಡಿದ್ದು, ನಿಜವಾಗಿ ಅವನ ಕಾಲು ಚೆನ್ನಾಗಿಯೇ ಇತ್ತು. ಅವನು "ಮಿಸ್ಟರ್ ಡಿಲನ್" ಅಂತ ಕರೆಯುವುದನ್ನು ಕಿವಿಗೊಟ್ಟು ಕೇಳಿ. ನಮ್ಮಲ್ಲಿ ಹಳಬರು "ಸಾಹೇಬ್ರೇ" ಅನ್ನುವಾಗ ಗೌರವ ಎಷ್ಟು, ಪ್ರೀತಿ ಎಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ ಅಲ್ವಾ, ಹಾಗೇ ಇದೂ. ಡಾಕ್ಟರ್ ಪಾತ್ರದ ಮಿಲ್ಬರ್ನ್ ಸ್ಟೋನ್ ಮುಂದೆ ಇನ್ನೂ ಬಹಳ ಚೆನ್ನಾಗಿ ಬೆಳೆಯುತ್ತಾನೆ.

ನನ್ನ ನಿಜವಾದ ಬೇಜಾರು ಕಿಟ್ಟಿಯ ಬಗ್ಗೆ. ಅಮಾಂಡಾ ಬ್ಲೇಕ್‌ಗೆ ಈ ಕಂತಿನಲ್ಲಿ ಕೊಟ್ಟಿರುವುದು ತೀರಾ ಕಡಿಮೆ. 19 ವರ್ಷ ಈ ಪಾತ್ರವನ್ನು ಹೊತ್ತು ನಡೆದ ನಟಿ ಅವಳು. ಮ್ಯಾಟ್ ಸಾಯುತ್ತಾನೋ ಬದುಕುತ್ತಾನೋ ಅನ್ನುವಾಗ ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಅಂತ ಎರಡು ನಿಮಿಷ ಜಾಸ್ತಿ ತೋರಿಸಿದ್ದರೆ ಕಂತಿನ ತೂಕವೇ ಬೇರೆ ಆಗುತ್ತಿತ್ತು. ಇನ್ನೊಂದು, ಕೆಲವು ಕಡೆ ಊರು ಸ್ಟುಡಿಯೊ ಸೆಟ್ ಅಂತ ಗೊತ್ತಾಗುತ್ತದೆ. ನನಗೆ ಅದು ದೊಡ್ಡ ತೊಂದರೆ ಅನ್ನಿಸಲಿಲ್ಲ.

ಇಷ್ಟು ಚಿಕ್ಕ ಅವಧಿಯಲ್ಲಿ ಇಷ್ಟು ಕಥೆ ಹೇಗೆ ಹಿಡಿಸಿದರು ಅಂದರೆ, ಗನ್‌ಸ್ಮೋಕ್ ಹುಟ್ಟಿದ್ದೇ ರೇಡಿಯೊದಲ್ಲಿ. 1952ರಿಂದ ರೇಡಿಯೊ ನಾಟಕವಾಗಿ ಬರುತ್ತಿತ್ತು, ಅಲ್ಲಿ ಮ್ಯಾಟ್‌ಗೆ ದನಿ ಕೊಟ್ಟವನು ವಿಲಿಯಂ ಕಾನ್ರಾಡ್. ಈ ಕಂತಿನ ಕಥೆ ಬರೆದ ಜಾನ್ ಮೆಸ್ಟನ್ ಅದರ ಮುಖ್ಯ ಬರಹಗಾರ. ಕಿವಿಗಾಗಿ ಬರೆದು ಪಳಗಿದ ಕೈ ಅದು, ಒಂದು ಮಾತೂ ದಂಡ ಇಲ್ಲ. 1961ರಲ್ಲಿ ಕಂತುಗಳು ಒಂದು ಗಂಟೆಗೆ ಹಿಗ್ಗಿದವು, 1966ರಲ್ಲಿ ಬಣ್ಣ ಬಂತು. ಅವೂ ಚೆನ್ನಾಗಿವೆ, ಚೆಸ್ಟರ್ ಹೋದ ಮೇಲೆ ಬರುವ ಫೆಸ್ಟಸ್ ಕೂಡ ಮನಸ್ಸಿಗೆ ಹಿಡಿಸುತ್ತಾನೆ. ಆದರೂ ನನ್ನ ಮನಸ್ಸು ಈ ಕಪ್ಪು-ಬಿಳುಪಿನ ಅರ್ಧ ಗಂಟೆಯವುಗಳ ಮೇಲೇ. ಮೊದಲ ಸೀಸನ್‌ನಲ್ಲೇ 39 ಕಂತು ಇವೆ. ಒಂದೇ ಸಲಕ್ಕೆ ನಾಲ್ಕೈದು ನೋಡಬೇಡಿ, ರಾತ್ರಿಗೊಂದು ಸಾಕು. ಹೆಡ್‌ಫೋನ್ ಹಾಕಿಕೊಂಡರೆ ಇನ್ನೂ ಒಳ್ಳೆಯದು, ಹಳೆ ಧ್ವನಿಮುದ್ರಣದಲ್ಲಿ ಮೆತ್ತಗಿನ ಮಾತುಗಳು ಕಳೆದುಹೋಗುತ್ತವೆ.

ಒಂದು ಕೊನೆ ಮಾತು. ಈ ಕಂತು ನೋಡಿದ ಮೇಲೆ ಧಾರಾವಾಹಿಯ ಟೈಟಲ್ ದೃಶ್ಯವನ್ನು ಇನ್ನೊಮ್ಮೆ ನೋಡಿ. ಬೀದಿಯ ಈ ತುದಿಯಲ್ಲಿ ಮ್ಯಾಟ್‌ನ ಬೆನ್ನು, ಆ ತುದಿಯಲ್ಲಿ ಇನ್ನೊಬ್ಬ. ಆ ಇನ್ನೊಬ್ಬ ಆರ್ವೊ ಒಯಾಲಾ, ಹಾಲಿವುಡ್ ನಟರಿಗೆ ಪಿಸ್ತೂಲು ಎಳೆಯುವುದನ್ನು ಕಲಿಸುತ್ತಿದ್ದ ಗುರು. ಮೊದಲು ಎಳೆಯುವುದು ಅವನೇ. ಮ್ಯಾಟ್ ಒಂದು ಕ್ಷಣ ಹಿಂದೆ. ನನ್ನ ಅಮ್ಮ ಈಗ ಆ ದೃಶ್ಯ ಬಂದಾಗಲೆಲ್ಲಾ ಅವರ ಕೈ ನೋಡುವುದಿಲ್ಲ, ನಡುವಿನ ಬೀದಿ ನೋಡುತ್ತಾಳೆ, "ಸರಿಯಾಗಿ ನಿಂತಿದ್ದಾನೆ" ಅನ್ನುತ್ತಾಳೆ.