ಹಳೇ ಪಿಕಪ್‌ನ ‘ಟಕ್ ಟಕ್’: ಎಂಟು ವರ್ಷ ಓಡಿಸಿದ ಮೇಲಿನ ವಿಮರ್ಶೆ

ಮೊದಲು ಗಾಡಿಯ ಜಾತಕ. 2013ರ ಮಾಡೆಲ್, ಡೀಸೆಲ್, ಸಿಂಗಲ್ ಕ್ಯಾಬಿನ್. ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು. ಹಿಂದೆ ಪಾಟಾ. ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್‌ಗೆ ಬೆಳಗಾವಿ, ಗೋವಾ ಕಡೆ ಪಾಟಾ ಅಂತಲೇ ಅನ್ನುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. 2017ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ ಮೀಟರ್ 96,000 ತೋರಿಸುತ್ತಿತ್ತು. ಈಗ 2,78,000. ಕಂಪನಿ ಹೆಸರು ಬೇಡ. ಇಲ್ಲಿರುವುದೆಲ್ಲ ವಯಸ್ಸಾದ ಗಾಡಿಯ ಕಾಯಿಲೆಗಳು, ಇದೇ ಥರದ ಯಾವ ಪಿಕಪ್‌ಗೂ ಬರುವಂಥವು.

ನನ್ನದು ಗೋವಾದ ಮಾಪ್ಸಾದಲ್ಲಿ ತರಕಾರಿ ವ್ಯಾಪಾರ. ವಾರಕ್ಕೆ ಎರಡು ಸಲ ಬೆಳಗಾವಿ ಎಪಿಎಂಸಿಯಿಂದ ಮಾಲು ತರುತ್ತೇನೆ. ಶುಕ್ರವಾರ ಮಾಪ್ಸಾ ಸಂತೆ, ಹಾಗಾಗಿ ಗುರುವಾರ ರಾತ್ರಿ ಏನೇ ಆದರೂ ಗಾಡಿ ಓಡಲೇಬೇಕು. ಬೆಳಗಾವಿಯಿಂದ ಬರುವ ದಾರಿ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್, ಕೇರಿ, ಸಾಖಳಿ, ಡಿಚೋಲಿ. ಹೋಗುವಾಗ ಖಾಲಿ ಕ್ರೇಟು, ಬರುವಾಗ ಕೋಸು, ಟೊಮೆಟೊ, ಹಸಿಮೆಣಸಿನಕಾಯಿ. ಮಳೆಗಾಲದಲ್ಲಿ ಆ ಘಾಟ್ ಇಳಿದವರಿಗೆ ಸಸ್ಪೆನ್ಷನ್ (ಗಾಡಿಯನ್ನು ಚಕ್ರದ ಮೇಲೆ ಹೊತ್ತು ಕುಲುಕು ತಡೆಯುವ ಸ್ಪ್ರಿಂಗ್, ಶಾಕ್, ಕೀಲುಗಳು) ಯಾಕೆ ಹಾಳಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಇಂಜಿನ್ ಬಗ್ಗೆ ಒಂದೇ ಮಾತು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದೇನೆ, ಅದು ನನಗೆ ತೊಂದರೆ ಕೊಟ್ಟಿಲ್ಲ. ತಲೆ ತಿಂದದ್ದೆಲ್ಲ ಕೆಳಗಿನ ಸದ್ದು.

ಎರಡು ವರ್ಷದ ಹಿಂದೆ ಎಡಗಾಲಿನ ಹತ್ತಿರ ‘ಟಕ್ ಟಕ್’ ಅಂತ ಶುರುವಾಯಿತು. ಜೋರಾಗಿ ಓಡಿಸಿದರೆ ಇಲ್ಲ. 15-20ರ ವೇಗದಲ್ಲಿ, ಹಂಪ್‌ಗೆ ಮುಂಚೆ ಬಿಳಿ ಪಟ್ಟೆ ಎಳೆದಿರುತ್ತಾರಲ್ಲ, ಅದರ ಮೇಲೆ ಹೋದಾಗ ಮಾತ್ರ. ಒಬ್ಬ ಮೇಸ್ತ್ರಿ ಬಾನೆಟ್ ಮೇಲೆ ಕೈ ಇಟ್ಟು ಎರಡು ಸಲ ಒತ್ತಿ, “ಶಾಕ್ ಹೋಗ್ಯಾವ್ರಿ” ಅಂದರು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದೆ, 4,600 ರೂಪಾಯಿ. ಸದ್ದು ಹಾಗೇ ಇತ್ತು. ಇನ್ನೊಬ್ಬರು ಕೆಳಗಿನ ಬಾಲ್ ಜಾಯಿಂಟ್ (ಚಕ್ರ ತಿರುಗಲು, ಏರಿಳಿಯಲು ಬಿಡುವ ಗುಂಡು ಕೀಲು) ಅಂದರು. ಅದೂ ಆಯಿತು, ಅಲೈನ್‌ಮೆಂಟ್ ಸೇರಿ 3,300. ಸದ್ದು ಈಗ ಬಲಗಡೆಯಿಂದ ಬರುತ್ತಿದೆ ಅನ್ನಿಸತೊಡಗಿತು! ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಕೊನೆಗೆ ಉಪಾಯ ಹೇಳಿದವನು ನನ್ನ ಅಕ್ಕನ ಮಗ. ಐಟಿಐ ಮುಗಿಸಿ ಊರಿಂದ ಬಂದಿದ್ದ. “ಮಾಮಾ, ಸಾಮಾನು ಹಾಕೋದು ಆಮೇಲೆ. ಮೊದ್ಲು ಒಂದೊಂದೇ ಬಿಚ್ಚಿ ನೋಡೂಣು” ಅಂದ. ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಸರಳು, ಅಂದರೆ ಸ್ಟೆಬಿಲೈಸರ್ ಬಾರ್, ಅದರ ತುದಿಯ ಎರಡೂ ಲಿಂಕ್ ಬಿಚ್ಚಿ, ಬಾರ್ ಯಾವುದಕ್ಕೂ ತಾಗದ ಹಾಗೆ ತಂತಿಯಿಂದ ಕಟ್ಟಿದೆವು. ಮನೆ ಮುಂದಿನ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು. ಸದ್ದು ಇಲ್ಲ. ಲಿಂಕ್ ಜೋಡಿಗೆ 760 ರೂಪಾಯಿ, ಅರ್ಧ ಗಂಟೆಯ ಕೆಲಸ. ಹಳೇ ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಣಗಿದ ಸೋರೆಬುರುಡೆ ಥರ ಸದ್ದು ಮಾಡುತ್ತಿತ್ತು. ಈ ಪರೀಕ್ಷೆ ನಿಧಾನಕ್ಕೆ, ಹತ್ತಿರದಲ್ಲೇ ಮಾಡಿ. ಬಾರ್ ಬಿಚ್ಚಿದ ಗಾಡಿ ತಿರುವಿನಲ್ಲಿ ತುಂಬಾ ವಾಲುತ್ತದೆ, ಘಾಟ್‌ಗೆ ತೆಗೆದುಕೊಂಡು ಹೋಗಬೇಡಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಿಚ್ಚಿದ ಶಾಕ್‌ಗಳಲ್ಲಿ ಒಂದರಿಂದ ಆಯಿಲ್ ಇಳಿದಿತ್ತು, ಅದನ್ನು ಹೇಗೂ ಬದಲಿಸಬೇಕಿತ್ತು. ಆದರೆ ಬಾನೆಟ್ ಒತ್ತಿ ನೋಡುವ ಪರೀಕ್ಷೆ ಪಿಕಪ್‌ಗೆ ಅಷ್ಟಕ್ಕಷ್ಟೇ. ಸ್ಪ್ರಿಂಗ್ ಇಷ್ಟು ಗಟ್ಟಿ ಇರುವಾಗ ನಾವು ಒತ್ತಿದರೆ ಎಷ್ಟು ಅಲ್ಲಾಡೀತು? ಶಾಕ್ ಮೇಲೆ ಆಯಿಲ್ ಜಿಡ್ಡು, ಟೈರು ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿರುವುದು, ಇವನ್ನು ನಂಬಬಹುದು.

ಕ್ಯಾಬಿನ್‌ನಲ್ಲಿ ಕೂತು ಸದ್ದಿನ ಜಾಗ ಹೇಳುವುದಕ್ಕೆ ಆಗುವುದಿಲ್ಲ. ಚಾಸಿ ಅಂದರೆ ಉದ್ದನೆಯ ಕಬ್ಬಿಣ, ಹಿಂದಿನ ಸದ್ದನ್ನು ಮುಂದಕ್ಕೆ, ಎಡದ್ದನ್ನು ಬಲಕ್ಕೆ ಸಾಗಿಸುತ್ತದೆ. ಅದಕ್ಕೇ ಈಗ ನಾವು ಕೈಯಿಂದ ಹುಡುಕುತ್ತೇವೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಅಕ್ಕನ ಮಗ ಆ ಹುಡುಗ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ನಾಲ್ಕು ಬೆರಳಷ್ಟು ಆಡಿಸುತ್ತಾನೆ. ನಾನು ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳು ಚಕ್ರದ ಕಡೆ ಸೇರುವ ಕೀಲು) ಮೇಲೆ, ಆಮೇಲೆ ಬಾಲ್ ಜಾಯಿಂಟ್ ಮೇಲೆ ಬೆರಳಿಡುತ್ತೇನೆ. ಸವೆದ ಜಾಯಿಂಟ್ ಬೆರಳಿಗೆ ‘ಚಟ್’ ಅಂತ ತಾಗುತ್ತದೆ. ಕಿವಿಗೆ ಕೇಳದಿದ್ದರೂ ಬೆರಳಿಗೆ ಗೊತ್ತಾಗುತ್ತದೆ.

ಚಕ್ರ ಎತ್ತಿ ನೋಡುವ ವಿಧಾನವೂ ಉಂಟು. ಚಕ್ರದ ಮೇಲೆ ಕೆಳಗೆ ಹಿಡಿದು ಆಡಿಸಿದಾಗ ಸಡಿಲ ಇದ್ದರೆ ಬಾಲ್ ಜಾಯಿಂಟ್ ಇಲ್ಲವೇ ವೀಲ್ ಬೇರಿಂಗ್. ಎಡ ಬಲ ಹಿಡಿದಾಗ ಮಾತ್ರ ಇದ್ದರೆ ಹೆಚ್ಚಾಗಿ ಟೈ ರಾಡ್. ಬೇರಿಂಗೋ ಜಾಯಿಂಟೋ ಗೊತ್ತಾಗದಿದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಸಡಿಲ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಜಾಯಿಂಟ್. ಇಲ್ಲಿ ತುಂಬಾ ಜನ ಎಡವುವುದು ಜಾಕ್ ಕೊಡುವ ಜಾಗದಲ್ಲಿ. ನನ್ನ ಗಾಡಿಯಲ್ಲಿ ಟಾರ್ಷನ್ ಬಾರ್ ಕೆಳಗಿನ ಆರ್ಮ್‌ಗೆ, ಅಂದರೆ ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿಗೆ ಸೇರಿದೆ. ಜಾಕನ್ನು ಆ ಆರ್ಮ್ ಕೆಳಗೇ, ಜಾಯಿಂಟ್ ಹತ್ತಿರ ಕೊಡಬೇಕು. ಚಾಸಿಗೆ ಕೊಟ್ಟರೆ ಬಾರ್ ಆರ್ಮನ್ನು ಕೆಳಕ್ಕೆ ಒತ್ತಿ ಹಿಡಿದಿರುತ್ತದೆ, ಸವೆದ ಜಾಯಿಂಟ್ ಕೂಡ ಹೊಸದರ ಹಾಗೆ ಬಿಗಿಯಾಗಿ ಕೂರುತ್ತದೆ. ಮತ್ತೆ, ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸವೇ ಬೇಡ.

ಇನ್ನು ಹಿಂಭಾಗ. ಇಲ್ಲಿ ಮೊದಲು ಬಂದದ್ದು ‘ಕಿರ್ ಕಿರ್’, ಹಳೇ ಮಂಚದ ಥರ. ಖಾಲಿ ಹೋಗುವಾಗ ಇದೆ, ಮಾಲು ತುಂಬಿ ಬರುವಾಗ ಇಲ್ಲ. ಮಳೆ ಬಂದರಂತೂ ಪೂರ್ತಿ ಬಂದ್. ಬಿಸಿಲು ಬಿದ್ದ ಮರುದಿನ ಮತ್ತೆ ಹಾಜರು. ನೀರಿಗೆ ನಿಲ್ಲುವ ಸದ್ದನ್ನು ನೀರಿನಿಂದಲೇ ಹುಡುಕಬಹುದು ಅಲ್ವಾ? ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿ ನೀರು ತುಂಬಿ, ಪಾಟಾದ ಮುಂದಿನ ಬುಷ್‌ಗೆ (ಬೋಲ್ಟ್ ಸುತ್ತ ಕೂರುವ ರಬ್ಬರ್ ಬಳೆ) ಮೊದಲು ಬಿಟ್ಟೆ. ಹುಡುಗ ಹಿಂದಿನ ಬಂಪರ್ ಮೇಲೆ ಹತ್ತಿ ಕುಣಿದ. ಸದ್ದು ಇತ್ತು. ಆಮೇಲೆ ಪಾಟಾದ ಇನ್ನೊಂದು ತುದಿಯ ಕೊಂಡಿ, ಅಂದರೆ ಶ್ಯಾಕಲ್, ಅದರ ಬುಷ್‌ಗೆ. ಆಗಲೂ ಇತ್ತು. ಪಾಟಾ ಪಟ್ಟಿಗಳ ತುದಿಗೆ ಬಿಟ್ಟ ತಕ್ಷಣ ಸುಮ್ಮನಾಯಿತು. ಪಟ್ಟಿಗಳ ನಡುವೆ ಇರುವ ಪ್ಲಾಸ್ಟಿಕ್ ಪ್ಯಾಡ್ ಸವೆದು ಕಾಗದದ ಹಾಗಾಗಿತ್ತು, ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿತ್ತು. ಕಡಲ ಗಾಳಿಗೆ ತುಕ್ಕು ಬೇರೆ. ಪಾಟಾ ಬಿಚ್ಚಿಸಿ, ತಂತಿ ಬ್ರಷ್ ಹಾಕಿ ತಿಕ್ಕಿ, ಹೊಸ ಪ್ಯಾಡ್ ಹಾಕಿಸಿದೆ. ಸದ್ದು ಬಂತು ಅಂತ ರಬ್ಬರ್ ಬುಷ್‌ಗೆ ಹಳೇ ಇಂಜಿನ್ ಆಯಿಲ್ ಸುರಿಯುವವರನ್ನು ನೋಡಿದ್ದೇನೆ. ಎರಡು ದಿನ ಸುಮ್ಮನಿರುತ್ತದೆ, ಆಮೇಲೆ ರಬ್ಬರ್ ಉಬ್ಬಿ ಮೆತ್ತಗಾಗಿ ಹರಿಯುತ್ತದೆ. ಹಾಕಲೇಬೇಕು ಅಂದರೆ ಸಿಲಿಕೋನ್ ಸ್ಪ್ರೇ ಹಾಕಿ.

ನಿಜವಾಗಿ ಹೆದರಿಸಿದ್ದು ಕಳೆದ ವರ್ಷ. ಘಾಟ್ ಇಳಿಯುವಾಗ ಬ್ರೇಕ್ ಒತ್ತಿದರೆ ಹಿಂದೆ ‘ಧಡ್’ ಅನ್ನುತ್ತಿತ್ತು, ಗಾಡಿ ಸ್ವಲ್ಪ ಓರೆಯಾಗಿ ಹೋಗುತ್ತಿತ್ತು. ಮಾಲು ಸರಿದಿರಬೇಕು ಅಂದುಕೊಂಡೆ. ಕೇರಿಯಲ್ಲಿ ಚಹಾಕ್ಕೆ ನಿಂತಾಗ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಎಡಗಡೆ ಪಾಟಾ ಕೂರುವ ಜಾಗದ ಪಕ್ಕ ಒಂದು ಬೆರಳಗಲ ಕಬ್ಬಿಣ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ನಟ್ ಸುತ್ತ ಕುಂಕುಮ ಉದುರಿದ ಹಾಗೆ ಕೆಂಪು ಪುಡಿ. ಇಷ್ಟು ವರ್ಷದ ಕೆಸರು ಹತ್ತಿದ ಗಾಡಿಯಲ್ಲಿ ಒಂದೇ ಜಾಗ ಫಳಫಳ ಅಂದರೆ ಅಲ್ಲಿ ಏನೋ ಸರಿದಾಡುತ್ತಿದೆ ಅಂತಲೇ ಅರ್ಥ. ಪಾಟಾ ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದಕ್ಕೆ ಸರಿದಿತ್ತು.

ಕಾರಣ ನನ್ನದೇ ಸೋಮಾರಿತನ. ಪ್ಯಾಡ್ ಹಾಕಿಸಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಪಟ್ಟಿಗಳು ಕೂತ ಮೇಲೆ ಬೋಲ್ಟ್ ಸಡಿಲವಾಗುತ್ತದೆ. ಆಕ್ಸಲನ್ನು ಹಿಡಿದಿಡುವುದು ಯು-ಬೋಲ್ಟ್‌ನ ಬಿಗಿ. ಅದು ಹೋದರೆ ಎಲ್ಲ ಭಾರ ಬಡಪಾಯಿ ಸೆಂಟರ್ ಬೋಲ್ಟ್ ಮೇಲೆ ಬಿದ್ದು ಅದು ತುಂಡಾಗುತ್ತದೆ. ಈಗ ಪಾಟಾ ಬಿಚ್ಚಿದಾಗಲೆಲ್ಲ ಹೊಸ ಯು-ಬೋಲ್ಟ್, ಹೊಸ ನಟ್. ಎರಡು ಟ್ರಿಪ್ ಆದ ಮೇಲೆ ಟಾರ್ಕ್ ರೆಂಚ್‌ನಿಂದ (ಬಿಗಿ ಅಳೆಯುವ ಪಾನಾ) ಮತ್ತೆ ಬಿಗಿ.

ಒಂದು ದೂರು ಮಾತ್ರ ಗ್ಯಾರೇಜ್ ಮೇಲೆ. ಹೆಸರು ಬೇಡ. ಕೆಳಗಿನ ಆರ್ಮ್ ಬುಷ್‌ಗಳನ್ನು ಒಳ್ಳೇ ಕಂಪನಿಯದೇ ತಂದುಕೊಟ್ಟಿದ್ದೆ. ನಾಲ್ಕೇ ತಿಂಗಳಲ್ಲಿ ಹರಿದವು. ನಕಲಿ ಮಾಲು ಅಂತ ಅಂಗಡಿಯವನ ಜೊತೆ ಜಗಳ ಆಡಿ ಬಂದೆ. ಆಮೇಲೆ ಗೊತ್ತಾಯಿತು, ಗಾಡಿಯನ್ನು ಜಾಕ್ ಮೇಲೆ ಎತ್ತಿದ್ದ ಹಾಗೇ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದಿದ್ದರು. ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯದೆ ಏನು ಮಾಡುತ್ತದೆ? ಚಕ್ರ ನೆಲಕ್ಕೂರಿ ಭಾರ ಬಿದ್ದ ಮೇಲೆಯೇ ಕೊನೇ ಬಿಗಿ ಹಾಕಬೇಕು. ಎರಡನೇ ಸೆಟ್ ನಾನೇ ಪಕ್ಕದಲ್ಲಿ ನಿಂತು ಹಾಗೆ ಮಾಡಿಸಿದೆ, ಒಂದೂವರೆ ವರ್ಷ ಆಯಿತು, ಚೆನ್ನಾಗಿವೆ. ಅಂಗಡಿಯವನ ಹತ್ತಿರ ಹೋಗಿ ತಪ್ಪಾಯಿತು ಅಂತಲೂ ಹೇಳಿದೆ. ನಕ್ಕ. ರೇಟು ಕಮ್ಮಿ ಮಾಡಲಿಲ್ಲ.

ರಬ್ಬರ್ ಬದಲು ಪಾಲಿ ಬುಷ್ (ಪಾಲಿಯುರೆಥೇನ್ ಪ್ಲಾಸ್ಟಿಕ್‌ನದು) ಹಾಕಿ ಅಂತ ಹೇಳುವವರಿದ್ದಾರೆ. ಸ್ಟೆಬಿಲೈಸರ್ ಬಾರ್‌ಗೆ ಹಾಕಿ ನೋಡಿದೆ. ಬಾಳಿಕೆ ಬರುತ್ತದೆ, ಆದರೆ ಗ್ರೀಸ್ ಒಣಗಿದ ತಕ್ಷಣ ಕಿರುಗುಟ್ಟುತ್ತದೆ. ನನಗೆ ಸಾಧಾ ರಬ್ಬರೇ ಸಾಕು.

ಸಸ್ಪೆನ್ಷನ್ ಅಂದುಕೊಂಡು ಮೋಸ ಹೋಗಿದ್ದೂ ಉಂಟು. ಒಮ್ಮೆ ಕೆಳಗೆ ತೂಗುಹಾಕಿದ ಸ್ಟೆಪ್ನಿ ಸಡಿಲವಾಗಿತ್ತು. ಒಮ್ಮೆ ಸೀಟಿನ ಹಿಂದಿನ ಜಾಕ್ ರಾಡ್. ಹಿಂಬಾಗಿಲಿನ ಕೊಂಡಿಯಂತೂ ಲೆಕ್ಕಕ್ಕಿಲ್ಲ. ಹಾಗಾಗಿ ಗಾಡಿ ಎತ್ತುವ ಮುಂಚೆ ಇವನ್ನೆಲ್ಲ ಒಂದು ಸಲ ಅಲ್ಲಾಡಿಸಿ ನೋಡಿ, ದುಡ್ಡು ಖರ್ಚಿಲ್ಲ.

ಇಷ್ಟೆಲ್ಲ ಆದ ಮೇಲೂ ಗಾಡಿ ಮಾರುವ ಯೋಚನೆ ಇಲ್ಲ. ಸಾಮಾನು ಮಾಪ್ಸಾದಲ್ಲೂ ಬೆಳಗಾವಿಯಲ್ಲೂ ಸಿಗುತ್ತದೆ, ಬಿಚ್ಚುವುದು ಸುಲಭ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದುಕೊಂಡ ಒಂದು ಅಂಕ ಖಾಲಿ ಗಾಡಿಯ ಕುಣಿತಕ್ಕೆ. ಜಾಂಬೋಟಿ ದಾಟುವಷ್ಟರಲ್ಲಿ ಸೊಂಟ ಹಿಡಿಯುತ್ತದೆ, ಅದಕ್ಕೆ ಯಾವ ಬುಷ್ ಹಾಕಿದರೂ ಆಗದು.

ಕಳೆದ ಶುಕ್ರವಾರ ಸಂತೆಯಲ್ಲಿ ರಿವರ್ಸ್ ಹಾಕಿದಾಗ ‘ಕಟ್’ ಅಂತ ಒಂದು ಹೊಸ ಸದ್ದು ಕೇಳಿಸಿತು. ಮುಂದಕ್ಕೆ ಹಾಕಿದಾಗ ಇನ್ನೊಂದು. ಪಾಟಾ ಅಲ್ಲ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಶಾಫ್ಟ್‌ನ ಕೀಲು) ಇರಬೇಕು ಅಂತ ನನ್ನ ಲೆಕ್ಕ. ಹುಡುಗ ಒಪ್ಪುತ್ತಿಲ್ಲ. ಭಾನುವಾರ ಇಬ್ಬರೂ ಕೆಳಗೆ ಮಲಗಿ ಶಾಫ್ಟ್ ಹಿಡಿದು ತಿರುಗಿಸಿ ನೋಡುವುದು ಅಂತ ಆಗಿದೆ.