ಸೈಡಿಂಗಿಗೆ ಹಳೇ ಡೀಸೆಲ್ ಲೋಕೋ: ಮೂರು ನೋಡಿದ್ವಿ, ಯಾವುದು ಛಲೋ?

ನಮ್ಮ ಗೆಳೆಯಾರೊಬ್ರು ಗದಗ ಕಡೆ ಫ್ಯಾಕ್ಟರಿ ಸೈಡಿಂಗಿನ (ಫ್ಯಾಕ್ಟರಿಗೆ ಹೋಗೋ ರೈಲ್ವೆ ಹಳಿ) ಶಂಟಿಂಗ್ ಕೆಲಸ, ಅಂದ್ರ ಡಬ್ಬಿ ಹಿಂದ ಮುಂದ ಎಳದು ಜೋಡಸೋ ಕೆಲಸ ಹಿಡದಾರ, ಹಳೇ ಲೋಕೋ ಒಂದು ತಗೋಬೇಕು, ನೀವು ಬಂದು ನೋಡ್ರಿ ಅಂದ್ರು. ನಾ ಹುಬ್ಬಳ್ಳಿಯೊಳಗ ಡೀಸೆಲ್ ಫಿಟ್ಟರ್ ಆಗಿ ರಿಟೈರ್ ಆದಾಂವ, ಇಲ್ಲ ಅನ್ನಾಕ ಮನಸಾಗ್ಲಿಲ್ಲ. ಲೈನಿನ ಮ್ಯಾಲೆಲ್ಲ ಕರೆಂಟ್ ತಂತಿ ಬಂದ ಮ್ಯಾಲೆ ಈ ಗಾಡಿಗೋಳು ಯಾರ್ಡಿನ್ಯಾಗ ಸುಮ್ನ ನಿಂತಿದ್ದು ನೋಡಿದ್ರ ಜೀವಾ ಚುರ್ ಅಂತೈತ್ರಿ.

ಮೊದಲ ಡಬ್ಲ್ಯುಡಿಎಂ-3ಎ. ಅಮೆರಿಕದ ಆಲ್ಕೊ ಕಂಪನಿ ಡಿಸೈನಿನ ಇಂಜಿನ್, 16 ಸಿಲಿಂಡರ್, 3100 ಹಾರ್ಸ್‌ಪವರ್. ಒಂದ ಸಲಕ್ಕ ಸ್ಟಾರ್ಟ್ ಆತು, ನಾಚ್ (ವೇಗದ ಹಿಡಿಕಿ ಮೆಟ್ಟಲಾ) ಏರಿಸಿದ ಕೂಡ್ಲೆ ಕರೀ ಹೊಗಿ, ಇಂಜಿನ್ನಿಗೆ ಗಾಳಿ ತುಂಬೋ ಟರ್ಬೊ ವೇಗ ಹಿಡಿಯೋತನಕ ಅದು ಇರೋದ. ಗೆಳೆಯಾರಿಗೆ ಇದ ಮನಸಿಗೆ ಬಂತು, 3100 ಅಂದ್ರ ಹಂಗರಿ.

ಆದ್ರ ಸೈಡಿಂಗಿನ್ಯಾಗ ಗಾಡಿ ಓಡೋದ ತಾಸಿಗೆ ಹತ್ತು ಕಿಲೋಮೀಟರ್, ಅಲ್ಲಿ ಹಾರ್ಸ್‌ಪವರ್ ಏನ್ ಮಾಡ್ತೈತಿ, ಗಾಲಿ ಹಳಿ ಹಿಡಿಬೇಕು, ಅದಕ್ಕ ತೂಕ ಬೇಕು. ಈ 3ಎ ತೂಕ 112.8 ಟನ್, ಅದರ ಬಾಜೂಕ ನಿಂತಿದ್ದ ಡಬ್ಲ್ಯುಡಿಎಸ್-6 ಬರೇ 6 ಸಿಲಿಂಡರಿನ ಗಾಡಿ, 1350 ಹಾರ್ಸ್‌ಪವರ್, ಆದ್ರ 126 ಟನ್! ಅದನ್ನ ಮಾಡಿದ್ದ ಶಂಟಿಂಗಿಗೆ. ಮ್ಯಾಲೆ ಸೈಡಿಂಗ್ ಗಾಡಿ ಅರ್ಧಾ ದಿನ ಐಡಲ್ ನಿಂತಿರ್ತೈತಿ, 16 ಸಿಲಿಂಡರ್ ಸುಮ್ನ ಡೀಸೆಲ್ ಕುಡ್ಕೋತ ನಿಂತ್ರ ರೊಕ್ಕ ಯಾರ್ ಕೊಡ್ಬೇಕು?

ಈ ಡಬ್ಲ್ಯುಡಿಎಸ್-6, ಅಂದ್ರ ಆರನೇದನ್ನ ನಾವ ಓಡಿಸಿದ್ವಿ. ಮೊದ್ಲ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯೋ ಮೀಟರ್) ಹಚ್ಚಿದ್ವಿ, ಗಾಲಿ ತಿರಗಸೋ ಆರು ಟ್ರ್ಯಾಕ್ಷನ್ ಮೋಟಾರಿನ್ಯಾಗ ಒಂದು ಕಡಿಮಿ ತೋರಿಸ್ತು, ಮಳ್ಯಾಗ ನಿಂತು ಥಂಡಿ ಹಿಡದಿರ್ಬೇಕು, ಅದರ ಕರೆಂಟ್ ಕಟ್ ಔಟ್ ಮಾಡಿ ಉಳಿದ ಐದರ ಮ್ಯಾಲೆ ನಡಸಿದ್ವಿ, ಎಳೀತು. ಗಾಲಿ ವ್ಯಾಸ ಅಳದು ನೋಡಿದ್ರ 1058 ಮಿಲಿಮೀಟರ್. ಹೊಸಾದು 1092, ಸವದು 1016ಕ್ಕ ಬಂದ್ರ ಕಂಡೆಮ್ (ತಗದು ಒಗಿಯೋದ), ಅಂದ್ರ ಇನ್ನೂ ಜೀವಾ ಐತಿ.

ಮೂರನೇದು ಡಬ್ಲ್ಯುಡಿಜಿ-4. ಇದರ ಬಗ್ಗೆ ನಂಗ ಪ್ರೀತಿ ಜಾಸ್ತಿ, ಈ ಅಮೆರಿಕದ ಇಎಂಡಿ ಕಂಪನಿ ಗಾಡಿಗೋಳು ದೇಶಕ್ಕ ಬಂದಾಗ ಮೊದ್ಲ ಬಂದಿದ್ದ ನಮ್ಮ ಹುಬ್ಬಳ್ಳಿ ಶೆಡ್ಡಿಗೆ. 4000 ಹಾರ್ಸ್‌ಪವರ್, ಎರಡು ಸ್ಟ್ರೋಕ್, ಎಸಿ ಮೋಟಾರು, ಕ್ಯಾಸಲ್‌ರಾಕ್ ಘಾಟಿನ 37ಕ್ಕ 1ರ (37 ಮೀಟರಿಗೆ 1 ಮೀಟರ್) ಏರಿನ್ಯಾಗ ಇದು ದುಡದಿದ್ದು ಕಣ್ಣಾರೆ ನೋಡೇನಿ. ಸ್ಟಾರ್ಟ್ ಮಾಡೋಕ್ಕಿಂತ ಮೊದ್ಲ ಸಿಲಿಂಡರಿನ ಟೆಸ್ಟ್ ಕಾಕ್ (ಸಣ್ಣ ನಳ) ಎಲ್ಲಾ ತಗದು, ಕಬ್ಬಿಣದ ಬಾರ್ ಹಾಕಿ ಕೈಲೆ ಇಂಜಿನ್ ತಿರುವಿದ್ವಿ. ಒಂದು ಕಾಕಿನಿಂದ ನೀರು ಬಂತು. ಅಲ್ಲೇ ನಿಲ್ಲಿಸಿದೆ. ಮಾರಾಂವ, ಮಳಿ ನೀರ್ರಿ, ಸ್ಟಾರ್ಟ್ ಮಾಡಿದ್ರ ಹಾರಿ ಹೊಕ್ಕೈತಿ ಅಂದ. ನೀರು ಒತ್ತಿದ್ರ ಕುಗ್ಗಂಗಿಲ್ಲ, ಪಿಸ್ಟನ್ ಮ್ಯಾಲೆ ಬಂದು ಹೊಡದ್ರ ಕನೆಕ್ಟಿಂಗ್ ರಾಡ ಬಗ್ಗತೈತಿ, ಯಾರ್ ಎಷ್ಟ ಹೇಳಿದ್ರೂ ಕ್ರ್ಯಾಂಕ್ (ಸ್ಟಾರ್ಟ್) ಮಾಡಬ್ಯಾಡ್ರಿ. ರಿಪೇರಿ ಆಗ್ತೈತಿ ಖರೆ, ಪವರ್ ಅಸೆಂಬ್ಲಿ (ಹೆಡ್ಡು, ಲೈನರು, ಪಿಸ್ಟನ್ ಕೂಡಿದ ಸೆಟ್) ಒಂದೊಂದ ಬಿಚ್ಚಿ ಹಾಕಬಹುದು, ಆದ್ರ ಅದರ ಎಲೆಕ್ಟ್ರಾನಿಕ್ಸ್ ನೋಡಾಕ ಸಣ್ಣ ಸೈಡಿಂಗಿನ್ಯಾಗ ಯಾರದಾರ?

ಗೆಳೆಯಾರಿಗೆ ಆರನೇದ ತಗೋರಿ ಅಂದೆ, ಹೆಡ್ಡು ಲೈನರು ಎಲ್ಲಾ ದೊಡ್ಡ ಆಲ್ಕೊ ಮನಿತನದ್ದ, ಸಾಮಾನು ಸಿಗ್ತಾವ. ಆ ಮೋಟಾರ್ ಒಣಗಿಸಿ, ನನ್ನ ಮುಂದ ಮತ್ತ ಮೆಗ್ಗರ್ ಹಚ್ಚಿ ತೋರಿಸಿದ ಮ್ಯಾಲೇ ಅಡ್ವಾನ್ಸ್ ಕೊಡ್ರಿ ಅಂತ ಹೇಳಿ ಬಂದೇನಿ.