ಬಾಹ್ಯ ದಹನವೋ ಅಂತರ್ದಹನವೋ: ಮೂರು ಪುಟ್ಟ ಎಂಜಿನ್ ಓಡಿಸಿ ನೋಡಿದ ಮೇಲೆ

ಸ್ಪಿರಿಟ್ ದೀಪದಲ್ಲಿ ಓಡುವ ಸ್ಟರ್ಲಿಂಗ್ ಎಂಜಿನ್ (ಒಳಗೆ ಮುಚ್ಚಿಟ್ಟ ಗಾಳಿ ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗುತ್ತಾ ಪಿಸ್ಟನ್ ಓಡಿಸುವಂಥದ್ದು), ಪುಟ್ಟ ಬಾಯ್ಲರ್ ಇರುವ ಸ್ಟೀಮ್ ಎಂಜಿನ್, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಒಂಟಿ ಸಿಲಿಂಡರಿನ ಪೆಟ್ರೋಲ್ ಎಂಜಿನ್. ಈ ಮೂರನ್ನೂ ಓಡಿಸಿ ನೋಡಿದ್ದೇನೆ. ಮೊದಲೆರಡರಲ್ಲಿ ಬೆಂಕಿ ಸಿಲಿಂಡರಿನ ಹೊರಗೆ. ಮೂರನೆಯದರಲ್ಲಿ ಒಳಗೇ.

ಸ್ಟಾರ್ಟ್ ಆಗುವುದರಲ್ಲಿ ಪೆಟ್ರೋಲ್ ಎಂಜಿನ್‌ಗೆ ಸಾಟಿಯಿಲ್ಲ. ಸ್ಟೀಮ್ ಎಂಜಿನ್ ಆದರೆ ನೀರು ಕುದಿದು ಒತ್ತಡ ಏರುವವರೆಗೆ ಸುಮ್ನೆ ಕೂರಬೇಕು. ಸ್ಟರ್ಲಿಂಗ್‌ನಲ್ಲಿ ಸಿಲಿಂಡರಿನ ಒಂದು ತುದಿ ಚೆನ್ನಾಗಿ ಬಿಸಿಯಾದ ಮೇಲೆ ಫ್ಲೈವೀಲನ್ನು, ಅಂದರೆ ಅದರ ಭಾರದ ಚಕ್ರವನ್ನು, ಕೈಯಿಂದ ತಿರುಗಿಸಿ ಬಿಡಬೇಕು. ನಿಲ್ಲಿಸುವಾಗಲೂ ಇದೇ ಕಥೆ. ದೀಪ ತೆಗೆದರೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ.

ಇದಕ್ಕೆಲ್ಲ ಕಾರಣ ಲೋಹದ ಗೋಡೆ. ಹೊರಗಿನ ಶಾಖ ಅದನ್ನು ದಾಟಿಯೇ ಒಳಗಿನ ಗಾಳಿಗೋ ನೀರಿಗೋ ತಲುಪಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ, ಜಾಗವೂ ಜಾಸ್ತಿ ಬೇಕು. ಗೋಡೆ ಸದಾ ಕಾದಿರುವುದರಿಂದ ಲೋಹ ತಡೆಯುವಷ್ಟೇ ಬಿಸಿ ಕೊಡಲು ಸಾಧ್ಯ. ಪೆಟ್ರೋಲ್ ಎಂಜಿನ್‌ನೊಳಗೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆದರೂ ಸಿಲಿಂಡರ್ ಕರಗುವುದಿಲ್ಲ. ಸುಟ್ಟ ಅನಿಲ ಹೊರಟ ಬೆನ್ನಲ್ಲೇ ತಣ್ಣನೆಯ ಗಾಳಿ ಒಳಗೆ ಬರುತ್ತದೆ, ಉಳಿದ ಬಿಸಿಯನ್ನು ಕೂಲಿಂಗ್ ಎಳೆದುಕೊಳ್ಳುತ್ತದೆ. ಈ ವ್ಯತ್ಯಾಸ ಲೆಕ್ಕದಲ್ಲೂ ಕಾಣುತ್ತದೆ. ಹಳೆಯ ಸ್ಟೀಮ್ ರೈಲು ಎಂಜಿನ್‌ಗಳಲ್ಲಿ ಹೆಚ್ಚಿನವು ಇಂಧನದ ಶಕ್ತಿಯಲ್ಲಿ ಶೇ 10ರಷ್ಟನ್ನೂ ಕೆಲಸಕ್ಕೆ ತರುತ್ತಿರಲಿಲ್ಲ. ಕಾರಿನ ಪೆಟ್ರೋಲ್ ಎಂಜಿನ್ ಸುಮಾರು ಶೇ 30 ತರುತ್ತದೆ. ಹಾಗಂತ ಹೊರಗಿನ ಬೆಂಕಿ ದಂಡ ಅಂತಲ್ಲ. ಗಾತ್ರ, ತೂಕದ ಚಿಂತೆಯಿಲ್ಲದ ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಸ್ಟೀಮ್ ಟರ್ಬೈನ್ ಬಳಸಿ ಶೇ 40 ದಾಟಿಸಿದ್ದಾರೆ.

ಅದೇ ಗೋಡೆಯಿಂದ ಲಾಭವೂ ಇದೆ. ಹೊರಗೆ ಏನು ಉರಿಯುತ್ತಿದೆ ಅನ್ನುವುದು ಪಿಸ್ಟನ್‌ಗೆ ಬೇಕಾಗಿಲ್ಲ. ಸ್ಪಿರಿಟ್, ಸೌದೆ, ಕೊನೆಗೆ ಕನ್ನಡಿಯಿಂದ ಒಟ್ಟುಗೂಡಿಸಿದ ಬಿಸಿಲಾದರೂ ಸರಿ. ಪೆಟ್ರೋಲ್ ಎಂಜಿನ್‌ಗೆ ಡೀಸೆಲ್ ಹಾಕಿ ನೋಡಿ, ಮುನಿಸಿಕೊಳ್ಳುತ್ತದೆ!

ಸದ್ದಿನ ವಿಷಯದಲ್ಲಿ ಸ್ಟರ್ಲಿಂಗ್ ನನ್ನ ಮನ ಗೆದ್ದಿದೆ. ಪೆಟ್ರೋಲ್ ಎಂಜಿನ್‌ನಲ್ಲಿ ಒತ್ತಡ ಇನ್ನೂ ಇರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ, ಸೈಲೆನ್ಸರ್ ಇದ್ದರೂ ಆ ಹೊಡೆತ ಕೇಳುತ್ತದೆ. ಸ್ಟರ್ಲಿಂಗ್‌ನಲ್ಲಿ ಒಳಗಿನ ಗಾಳಿ ಹೊರಗೆ ಹೋಗುವುದೇ ಇಲ್ಲ. 1816ರಲ್ಲಿ ಪೇಟೆಂಟ್ ಆದ ಈ ಎಂಜಿನನ್ನು ಸ್ವೀಡನ್ನಿನ ಗಾಟ್‌ಲ್ಯಾಂಡ್ ವರ್ಗದ ಜಲಾಂತರ್ಗಾಮಿಗಳಲ್ಲಿ ಬಳಸಿದ್ದಾರೆ. ನೀರಿನಡಿ ಸದ್ದಿಲ್ಲದಿರುವುದೇ ದೊಡ್ಡ ಗುಣ ಅಲ್ವಾ?

ಭಾರ ಎಳೆಯುವಾಗ ಮಾತ್ರ ಸ್ಟೀಮೇ ರಾಜ. ವೇಗ ತೀರಾ ಇಳಿದರೂ ಆವಿ ತಳ್ಳುತ್ತಲೇ ಇರುತ್ತದೆ. ಪೆಟ್ರೋಲ್ ಎಂಜಿನ್ ಆ ವೇಗದಲ್ಲಿ ಬಂದ್ ಬೀಳುತ್ತದೆ, ಅದಕ್ಕೇ ಗಾಡಿಗಳಿಗೆ ಕ್ಲಚ್, ಗೇರ್ ಬೇಕು. ನನ್ನ ಪುಟ್ಟ ಸ್ಟರ್ಲಿಂಗಂತೂ ಫ್ಲೈವೀಲ್‌ಗೆ ಬೆರಳು ತಾಗಿದರೆ ಸಾಕು, ನಿಂತುಬಿಡುತ್ತದೆ.

ನೀರೆತ್ತಲು, ಮರ ಕೊಯ್ಯಲು ನಾನು ಪೆಟ್ರೋಲ್ ಎಂಜಿನನ್ನೇ ತೆಗೆದುಕೊಳ್ಳುತ್ತೇನೆ. ಮಕ್ಕಳಿಗೆ ಎಂಜಿನ್ ಹೇಗೆ ಓಡುತ್ತದೆ ಎಂದು ತೋರಿಸಲು ಸ್ಟರ್ಲಿಂಗ್ ಸಾಕು. ಪೆಟ್ರೋಲಿನದನ್ನು ಕೋಣೆಯೊಳಗೆ ಓಡಿಸಲೇಬಾರದು, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಸ್ಟೀಮ್ ಎಂಜಿನ್ ಹಚ್ಚುವವರು ಮೊದಲು ಸೇಫ್ಟಿ ವಾಲ್ವ್ ನೋಡಿಕೊಳ್ಳಿ.